ಹಳೆಯ ಹೆಸರಿನ ಮೊದಲ ಪಂದ್ಯ

ನನ್ನ ಎಡಗಾಲಿನ ಮಂಡಿಚಿಪ್ಪು ಒಡೆದದ್ದು ತೊಂಬತ್ತನೆಯ ಇಸವಿಯ ಏಪ್ರಿಲ್‌ನಲ್ಲಿ, ಕುವೈತಿನ ಜಾಬ್ರಿಯಾದ ಒಂದು ಮನೆಯ ತಾರಸಿಯ ಮೇಲೆ. ಬೇಸಿಗೆ ಏರುವ ಮುಂಚೆ ಮನೆಮನೆಯ ಏಸಿ ಯಂತ್ರಗಳನ್ನು ಸರಿಮಾಡಿಕೊಡುವ ಕಂಪನಿಯಲ್ಲಿ ನಾನು ಟೆಕ್ನಿಷಿಯನ್. ಕಂಪ್ರೆಸರ್ ಮೇಲೆಳೆಯುತ್ತಿದ್ದ ಹಗ್ಗ ಜಾರಿತು. ಆ ಕಬ್ಬಿಣದ ಗುಂಡು ನೇರ ಬಂದು ಮಂಡಿಯ ಮೇಲೆ ಕೂತಿತು. ಆಪರೇಷನ್ ಆಯಿತು, ತಂತಿ ಹಾಕಿ ಜೋಡಿಸಿದರು, ಪ್ಲಾಸ್ಟರ್ ಕಟ್ಟಿದರು. ಜೂನ್‌ನಲ್ಲಿ ಪ್ಲಾಸ್ಟರ್ ಬಿಚ್ಚಿದಾಗ ಒಳಗಿದ್ದದ್ದು ನನ್ನ ಕಾಲಲ್ಲ, ಒಣಗಿದ ಜೋಳದ ದಂಟು. ಅದು ಮಡಚುತ್ತಲೂ ಇರಲಿಲ್ಲ. ನನ್ನ ವೀಸಾಕ್ಕೆ ಜವಾಬ್ದಾರನಾಗಿದ್ದ ಕುವೈತಿ ಮಾಲೀಕ, ಕಫೀಲ್, ಬಂದು ನೋಡಿ, ಚಳಿಗಾಲದೊಳಗೆ ಏಣಿ ಹತ್ತುವಂತಾಗಬೇಕು, ಇಲ್ಲವಾದರೆ ಇಕಾಮಾ, ಅಂದರೆ ಅಲ್ಲಿರುವ ಪರವಾನಗಿ, ಮುಂದುವರಿಸುವುದು ಕಷ್ಟ ಎಂದು ಮೆಲ್ಲಗೆ ಹೇಳಿಹೋದ. ಕೆಟ್ಟ ಮನುಷ್ಯನಲ್ಲ. ಇದ್ದದ್ದನ್ನು ಹೇಳಿದ, ಅಷ್ಟೆ.

ಹೀಗೆ ನಾನು ಜಾಬ್ರಿಯಾದ ಒಂದು ಚಿಕಿತ್ಸಾಲಯದಲ್ಲಿದ್ದ ಬಲ್ಗೇರಿಯಾದ ಫಿಸಿಯೋಥೆರಪಿಸ್ಟನ ಕೈಗೆ ಬಿದ್ದೆ. ಐವತ್ತರ ಆಸುಪಾಸಿನ ಮನುಷ್ಯ. ಬೋಳುತಲೆ, ಮುರಿದು ಸೊಟ್ಟಗೆ ಕೂಡಿಕೊಂಡ ಮೂಗು, ಕುಸ್ತಿ ಆಳಿನಂಥ ಮುಂಗೈ. ಹೆಂಡತಿ ತೀರಿಕೊಂಡ ಮೇಲೆ ಊರು ಬಿಟ್ಟು ಬಂದು ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಒಬ್ಬನೇ ಇದ್ದ. ನಮ್ಮಿಬ್ಬರ ನಡುವಿನ ಭಾಷೆ ಒಂದಿಷ್ಟು ಇಂಗ್ಲಿಷ್, ಒಂದಿಷ್ಟು ಸೂಕ್ ಪೇಟೆಯ ಅರಬ್ಬಿ, ಹಿಂದಿಯವರಿಂದ ಆತ ಕಲಿತುಕೊಂಡ ‘ಭಾಯಿ’.

ಮೊದಲ ದಿನ ಮಂಡಿಯನ್ನು ಅಂಗೈಯಲ್ಲಿ ಹಿಡಿದು ಕೇಳಿದ: “ಫುಟ್‌ಬಾಲ್ ಆಡ್ತಿದ್ಯಾ, ಭಾಯಿ?”

“ಇಲ್ಲ. ನಮ್ಮ ಕಡೆ ಕುಸ್ತಿ, ಕಬಡ್ಡಿ. ನಾನು ಅದನ್ನೂ ಆಡಿದವನಲ್ಲ.”

“ಒಳ್ಳೇದು. ಹಾಗಾದರೆ ಈ ಮಂಡಿ ಇನ್ನೂ ಹೊಸದು. ನನ್ನದು ನೋಡು.” ಪ್ಯಾಂಟು ಮೇಲೆತ್ತಿ ತೋರಿಸಿದ. ಮಂಡಿಯ ಎರಡೂ ಪಕ್ಕ ಹಳೆಯ ಹೊಲಿಗೆಯ ಗುರುತು. “ಹದಿಮೂರು ವರ್ಷ ಎಡಗಡೆಯ ಬ್ಯಾಕ್. ಖಲಾಸ್.”

ಆತನದೊಂದು ಉಪಾಯವಿತ್ತು. ರೋಗಿಯನ್ನು ಮಾತಿಗೆಳೆದು, ಅವನು ಮೈಮರೆತಾಗ ಕಾಲನ್ನು ಒಂದು ಕೂದಲಿನಷ್ಟು ಹೆಚ್ಚಿಗೆ ಮಡಚುವುದು. ಉಳಿದ ರೋಗಿಗಳೊಂದಿಗೆ ಏನು ಮಾತಾಡುತ್ತಿದ್ದನೋ, ನನಗೆ ಮಾತ್ರ ತನ್ನೂರಿನ ಫುಟ್‌ಬಾಲ್ ಕ್ಲಬ್ಬಿನ ಕತೆ ಹೇಳತೊಡಗಿದ. ಆ ಕತೆಯ ಒಂದೊಂದು ಘಟ್ಟವೂ ನನಗೆ ಇಂದಿಗೂ ನೋವಿನೊಂದಿಗೇ ನೆನಪಾಗುತ್ತದೆ.

ಕ್ಲಬ್ಬು ಕಟ್ಟಿದವರಲ್ಲಿ ಆತನ ಅಪ್ಪನೂ ಒಬ್ಬ. ಡ್ಯಾನ್ಯೂಬ್ ನದಿಗೆ ಹೋಗಿ ಸೇರುವ ಒಂದು ಸಣ್ಣ ಹೊಳೆಯ ದಂಡೆಯ ಊರು. ಅಪ್ಪ ಬ್ರೆಡ್ಡಿನ ಭಟ್ಟಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. ವಿಯೆನ್ನಾಕ್ಕೆ ಓದಲು ಹೋಗಿದ್ದ ಯಾರೋ ಒಬ್ಬ ರಜೆಯಲ್ಲಿ ಬರುವಾಗ ಚರ್ಮದ ಚೆಂಡೊಂದನ್ನು ತಂದ. ಕುರಿಸಂತೆಯ ಬಯಲನ್ನು ಹುಡುಗರೇ ಸಲಿಕೆ ಹಿಡಿದು ಸಮ ಮಾಡಿದರು. ಗೋಲ್‌ಪೋಸ್ಟಿಗೆ ಅಪ್ಪ ಹೊಳೆದಂಡೆಯಿಂದ ಹಸಿ ಮರದ ಕಂಬ ಕಡಿದು ತಂದು ನೆಟ್ಟ. ಆ ಮರ ಎಂಥದೆಂದರೆ, ಕೊಂಬೆ ಊರಿದರೂ ಬೇರು ಬಿಡುವ ಜಾತಿ. ವಸಂತ ಬಂದಾಗ ಗೋಲ್‌ಪೋಸ್ಟು ಚಿಗುರಿತು.

“ರೆಫರಿ ಬಂದ. ಮೊದಲು ಎಲೆ ಕತ್ತರಿಸಿ, ಆಮೇಲೆ ಆಟ ಅಂದ,” ಎಂದು ಆತ ನಕ್ಕ. ನಾನೂ ನಕ್ಕೆ. ನಗುತ್ತಿರುವಾಗಲೇ ಮಂಡಿ ‘ಲಟ್’ ಎಂದಿತು. ಕಣ್ಣಲ್ಲಿ ನೀರು ಬಂತು.

“ಮಾಫಿ ಮುಶ್ಕಿಲ್, ಏನೂ ಆಗಲ್ಲ. ಇವತ್ತು ಎಲೆ ಕತ್ತರಿಸಿದ್ವಿ,” ಎಂದ.

ಕ್ಲಬ್ಬಿಗೆ ಆ ಹೊಳೆಯ ಹೆಸರನ್ನೇ ಇಟ್ಟಿದ್ದರು. ಬಿಳಿ ಅಂಗಿ, ಎದೆಯ ಮೇಲೆ ಹಸಿರು ಪಟ್ಟಿ. ಅಂಗಿಗಳನ್ನು ಅಪ್ಪನ ಅಕ್ಕಂದಿರು ಹಿಟ್ಟಿನ ಚೀಲದ ಬಟ್ಟೆಯಲ್ಲಿ ಹೊಲಿದರಂತೆ. ಮುಂದೆ ಅಪ್ಪ ಸ್ವಂತ ಭಟ್ಟಿ ಹಾಕಿದ, ಮದುವೆಯಾದ. ಎರಡನೆಯ ಮಹಾಯುದ್ಧ ಮುಗಿದು ಕಮ್ಯುನಿಸ್ಟ್ ಸರ್ಕಾರ ಬಂತು. ಭಟ್ಟಿ ಸರ್ಕಾರದ್ದಾಯಿತು, ಅಪ್ಪ ತನ್ನದೇ ಒಲೆಯ ಮುಂದೆ ಸಂಬಳದ ಆಳಾದ. ಅದೇ ಕಾಲಕ್ಕೆ ಊರಿನ ಮೂರು ಕ್ಲಬ್ಬುಗಳನ್ನು ಒಂದು ಮಾಡಿ, ಹೊಸ ಹೆಸರಿಟ್ಟು, ಕೆಂಪು ಅಂಗಿ ತೊಡಿಸಿದರು.

“ಅಪ್ಪ ಹೇಳ್ತಿದ್ದ, ಒಲೆ ತಗೊಂಡ್ರು, ಹೋಗಲಿ, ಬ್ರೆಡ್ಡು ಜನಕ್ಕೇ ಹೋಗ್ತದೆ. ಹೆಸರು ಯಾಕೆ ತಗೊಂಡ್ರು? ಹೊಳೆಯ ಹೆಸರನ್ನ ಯಾರು ತಿಂತಾರೆ?”

ಅಂದಿನಿಂದ ಅಪ್ಪ ಮೈದಾನದ ಬಾಗಿಲು ದಾಟಲಿಲ್ಲ. ನಲವತ್ತು ವರ್ಷ. ಪಂದ್ಯದ ದಿನ ಭಟ್ಟಿಯ ಮಾಳಿಗೆ ಹತ್ತಿ ನಿಂತು ಜನರ ಕೂಗನ್ನು ಮಾತ್ರ ಕೇಳುತ್ತಿದ್ದ. ಮಗ ಅದೇ ಕೆಂಪಂಗಿ ತೊಟ್ಟು ಆಡಿದ. ಒಂದೇ ಒಂದು ವರ್ಷ ಅವರ ತಂಡ ದೇಶದ ಮೊದಲ ದರ್ಜೆಗೆ ಏರಿತ್ತು. ರಾಜಧಾನಿ ಸೋಫಿಯಾದ ದೊಡ್ಡ ತಂಡವೊಂದನ್ನು ತಮ್ಮೂರಿನಲ್ಲಿ ಸಮಕ್ಕೆ ನಿಲ್ಲಿಸಿದರು. ಊರೇ ಕುಣಿಯಿತು. ಮಗ ಮನೆಗೆ ಓಡಿ ಬಂದು ಹೇಳಿದಾಗ ಅಪ್ಪ ಹಿಟ್ಟು ನಾದುತ್ತಲೇ ಕೇಳಿದ: “ಯಾವ ಬಣ್ಣದ ಅಂಗಿ?”

“ಕೆಂಪು.”

“ಹಾಗಾದರೆ ಆಡಿದ್ದು ಬೇರೆ ಯಾರೋ.”

ಇದನ್ನು ಹೇಳಿದ ದಿನ ಆತ ನನ್ನ ಕಾಲನ್ನು ಮಡಚಲಿಲ್ಲ.

ಆದರೆ ನನ್ನ ಮಂಡಿ ಒಡೆದ ಆ ವರ್ಷ ಎಲ್ಲ ಬದಲಾಗಿತ್ತು. ಹಿಂದಿನ ಚಳಿಗಾಲದಲ್ಲಿ ಅವರ ದೇಶದ ಸರ್ಕಾರ ಅಲುಗಾಡಿತ್ತು. ಬೀದಿಗಳಿಗೆ, ಊರುಗಳಿಗೆ, ಕ್ಲಬ್ಬುಗಳಿಗೆ ಹಳೆಯ ಹೆಸರುಗಳು ಮರಳುತ್ತಿದ್ದವು. ಇವರ ಊರಿನ ಜನ ಸಿನಿಮಾ ಥಿಯೇಟರಿನಲ್ಲಿ ಸಭೆ ಸೇರಿ, ಕೈಯೆತ್ತಿ, ಹೊಳೆಯ ಹೆಸರನ್ನೇ ಮತ್ತೆ ಇಡಬೇಕೆಂದು ತೀರ್ಮಾನಿಸಿದರು. ಬಿಳಿ ಅಂಗಿ, ಹಸಿರು ಪಟ್ಟಿ. ಆಗಸ್ಟ್ ನಡುವೆ ಹೊಸ ಲೀಗಿನ ಮೊದಲ ಪಂದ್ಯ. ಕಟ್ಟಿದವರಲ್ಲಿ ಬದುಕಿದ್ದವನು ಅಪ್ಪ ಒಬ್ಬನೇ. ಆತನೇ ಮೊದಲ ಚೆಂಡು ಒದೆಯಬೇಕೆಂದು ಕೇಳಿದ್ದರು. ಮುದುಕ ಫೋನಿನಲ್ಲಿ ಮಗನಿಗೆ ಹೇಳಿದನಂತೆ: “ನೀನು ಬಾ. ನಿನ್ನ ಕೈ ಹಿಡಿದೇ ಒಳಗೆ ಹೋಗೋದು. ನೀನಿಲ್ಲದೆ ಹೋಗಲ್ಲ.”

ಜುಲೈ ಮೂರನೆಯ ವಾರಕ್ಕೆ ಆತನ ರಜೆ ಮಂಜೂರಾಗಿತ್ತು. ಅಷ್ಟರಲ್ಲಿ ನನ್ನ ಕಾಲು ಅರ್ಧಕ್ಕೆ ಬಂದು ನಿಂತುಬಿಟ್ಟಿತ್ತು. ಆತನ ಬದಲಿಗೆ ಬರಬೇಕಿದ್ದ ಫಿಸಿಯೋ ಇನ್ನೂ ಬಂದಿರಲಿಲ್ಲ. ಈ ಹಂತದಲ್ಲಿ ಬಿಟ್ಟರೆ ಒಳಗಿನ ಮಾಂಸ ಗಟ್ಟಿಯಾಗಿ ಕಾಲು ಹೀಗೇ ಉಳಿಯುತ್ತದೆ ಎಂದು ಆತನೇ ಒಮ್ಮೆ ಹೇಳಿದ್ದ. ಆ ದಿನ ನನ್ನ ಹೆಂಡತಿಯೂ ಮಗಳೂ ಜೊತೆಗೆ ಬಂದಿದ್ದರು. ಹೆಂಡತಿ ಹುಬ್ಬಳ್ಳಿ ಕಡೆಯವಳು. ಕನ್ನಡ ಬಿಟ್ಟರೆ ಬೇರೆ ಭಾಷೆ ನಾಲಗೆಗೆ ಹತ್ತದು. ಮಗಳಿಗೆ ಒಂಬತ್ತು, ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

“ಅಣ್ಣಾರಿಗೆ ಕೇಳು, ಊರಿಗೆ ಹೊಂಟಾರಂತಲ್ಲ, ಖರೇನ ಹೋಗ್ತಾರೇನು?” ಎಂದಳು ಹೆಂಡತಿ.

ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಆತ ತಲೆಯನ್ನು ಮೇಲೆತ್ತಿ ಇಳಿಸಿದ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹೋಗಬ್ಯಾಡ್ರಿ ಅಂತ ನಾ ಹೆಂಗ ಹೇಳ್ಲಿ? ಆದ್ರ ಇವರ ಕಾಲು ಹಿಂಗ ಉಳದ್ರ ಕೆಲಸ ಹೋಗ್ತದ. ಒಂದೀಟು ತಡದು ಹೋಗ್ರಿ ಅಣ್ಣಾರ. ಹೇಳು ಮಗಳ, ಒಂದೀಟು ತಡದು.”

ಮಗಳು ಅದನ್ನೂ ಹೇಳಿದಳು. ಆತ ಗಾಬರಿಯಾಗಿ ಎರಡೂ ಕೈ ಎತ್ತಿದ. “ಅಳಬೇಡಿ, ಅಳಬೇಡಿ. ನಮ್ಮ ದೇಶದಲ್ಲಿ ಹೀಗೆ ತಲೆಯಾಡಿಸಿದರೆ ಇಲ್ಲ ಅಂತ. ನಾನು ಹೋಗ್ತಿಲ್ಲ ಅಂತ ಹೇಳಿದೆ. ಟಿಕೆಟ್ ಮುಂದಕ್ಕೆ ಹಾಕಿಸಿದೀನಿ. ಆಗಸ್ಟ್ ಮೊದಲ ವಾರ ಹೊರಟರೂ ಪಂದ್ಯಕ್ಕೆ ಬೇಕಾದಷ್ಟು ಸಮಯ ಇದೆ.”

ಅಂದರೆ ಅವಳು ಕೇಳುವ ಮೊದಲೇ ಆತ ನಿರ್ಧರಿಸಿಯಾಗಿತ್ತು. ಆಮೇಲೆ ನಾನು ಇದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಹೆಂಡತಿ ಒಪ್ಪಿಕೊಳ್ಳಲಿಲ್ಲ. ಅವಳ ಲೆಕ್ಕದಲ್ಲಿ ಆತನನ್ನು ಹಿಡಿದು ನಿಲ್ಲಿಸಿದ್ದು ಅವಳ ಕಣ್ಣೀರೇ.

ಜುಲೈ ಕೊನೆಗೆ ನನ್ನ ಕಾಲು ಕುರ್ಚಿಯಲ್ಲಿ ಕೂರುವಷ್ಟು ಮಡಚಿತು. ಆತ ನನ್ನ ಬೆನ್ನು ತಟ್ಟಿ, “ಯಲ್ಲಾ, ನಡಿ, ಇನ್ನು ನೀನೇ ಮಾಡಿಕೋ,” ಎಂದ. ಅಪ್ಪನಿಗೆಂದು ಸೂಕಿನಲ್ಲಿ ಒಂದು ಒಳ್ಳೆಯ ಉಣ್ಣೆಯ ಮಫ್ಲರ್ ಹುಡುಕಿ ಕೊಂಡಿದ್ದ. ಕುವೈತಿನ ಬೇಸಿಗೆಯಲ್ಲಿ ಮಫ್ಲರ್ ಕೇಳಿದ್ದಕ್ಕೆ ಅಂಗಡಿಯವನು ನಕ್ಕನಂತೆ.

ಆಗಸ್ಟ್ ಎರಡರ ಬೆಳಗ್ಗೆ ರಿಗ್ಗೈಯ ನಮ್ಮ ಮನೆಯ ಕಿಟಕಿ ಅದುರಿ ಎಚ್ಚರವಾಯಿತು. ಕೆಳಗಿನ ರಸ್ತೆಯಲ್ಲಿ ಸೈನ್ಯದ ಗಾಡಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಇರಾಕಿನವರು ಬಂದಿದ್ದಾರೆ ಎಂದು ಪಕ್ಕದ ಮನೆಯ ಮಂಗಳೂರಿನ ಹೋಟೆಲಿನವರು ಬಾಗಿಲು ಬಡಿದು ಹೇಳಿದರು. ವಿಮಾನ ನಿಲ್ದಾಣ ಮುಚ್ಚಿತು. ಹೊರದೇಶದ ಫೋನ್ ಸತ್ತುಹೋಯಿತು. ಮೊದಲ ದಿನ ನನಗೆ ನನ್ನ ಮಗಳ ಚಿಂತೆ, ಅಕ್ಕಿ ಬೇಳೆಯ ಚಿಂತೆ, ಕುಂಟುಗಾಲಿನಲ್ಲಿ ಹೇಗೆ ಓಡಲಿ ಎಂಬ ಚಿಂತೆ. ಆ ದೊಡ್ಡ ಮನುಷ್ಯನ ಟಿಕೆಟ್ಟಿನ ನೆನಪಾದದ್ದು ಮರುದಿನ, ಅದೂ ಹೆಂಡತಿ ಹೇಳಿದ್ದರಿಂದ.

“ಅಣ್ಣಾರು ಸಿಕ್ಕೊಂಡ್ರಲ್ರೀ,” ಎಂದಳು. ರೊಟ್ಟಿಯ ಹಿಟ್ಟು ಕೈಗೆ ಮೆತ್ತಿಕೊಂಡೇ ನೆಲಕ್ಕೆ ಕೂತಳು. “ನಾ ಯಾಕರ ಬಾಯಿ ಬಿಟ್ನೋ.”

ಆಸ್ಪತ್ರೆಗಳು ನಡೆಯುತ್ತಿದ್ದವು. ಕೆಲವು ದಿನ ಕಳೆದ ಮೇಲೆ ಆತ ನಮ್ಮ ಮನೆಗೇ ಬಂದ. ಆಂಬುಲೆನ್ಸಿನ ಚಾಲಕ ನಮ್ಮ ಪಕ್ಕದ ಫರ್ವಾನಿಯಾ ಕಡೆ ಹೊರಟಾಗ ಜೊತೆಗೆ ಹತ್ತಿಕೊಂಡು, ಬಿಳಿ ಕೋಟು ಹಾಕಿಕೊಂಡೇ ಚೆಕ್‌ಪೋಸ್ಟ್ ದಾಟಿ ಬಂದಿದ್ದ. “ನಿನ್ನ ಮಂಡಿ ನೋಡೋಕೆ ಬಂದೆ,” ಎಂದ. ನಮ್ಮ ಸೋಫಾದ ಮೇಲೆಯೇ ಕಾಲು ಚಾಚಿಸಿ, ಮಡಚಿ, ತೃಪ್ತಿಯಾದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತ. ಹೆಂಡತಿ ಕೈಯಲ್ಲೇ ಜೋಳದ ರೊಟ್ಟಿ ತಟ್ಟುತ್ತಿದ್ದಳು. ಊರಿಂದ ತಂದ ಹಿಟ್ಟು ತಳ ಕಂಡಿತ್ತು. ಭಟ್ಟಿಯವನ ಮಗ ಕಣ್ಣು ಮಿಟುಕಿಸದೆ ನೋಡಿದ.

“ಲಟ್ಟಣಿಗೆ ಇಲ್ಲದೆ! ಅಪ್ಪ ನೋಡಿದರೆ ಟೋಪಿ ತೆಗೀತಿದ್ದ,” ಎಂದ.

ಪಂದ್ಯದ ದಿನವೂ ಆತ ಬಂದ. ಹೇಗೆ ಬಂದನೋ, ಈ ಸಲ ನಡೆದೇ ಬಂದಿರಬೇಕು, ಅಂಗಿಯೆಲ್ಲ ಬೆವರು. ನನ್ನ ಶಾರ್ಟ್‌ವೇವ್ ರೇಡಿಯೋ ಕೇಳಿ ಪಡೆದು, ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸುತ್ತ ಸೋಫಿಯಾ ಹುಡುಕಿದ. ಒಮ್ಮೆ ಅವರ ಭಾಷೆ ಸಿಕ್ಕಿತು. ಕಿವಿ ಹಚ್ಚಿ ಕೇಳಿ ಹೇಳಿದ: “ನಮ್ಮ ಬಗ್ಗೆ. ಕುವೈತಿನಲ್ಲಿರುವ ನರ್ಸುಗಳ ಬಗ್ಗೆ ಹೇಳ್ತಿದಾರೆ. ಫುಟ್‌ಬಾಲ್ ಇಲ್ಲ.” ಅಷ್ಟರಲ್ಲಿ ಅದೂ ಕೊಚ್ಚಿಹೋಯಿತು. ಮೂರನೆಯ ದರ್ಜೆಯ ಒಂದು ಸಣ್ಣ ಊರಿನ ಪಂದ್ಯವನ್ನು ಯಾವ ರೇಡಿಯೋ ತಾನೇ ಹೇಳೀತು? ಅದು ಆತನಿಗೂ ಗೊತ್ತಿತ್ತು.

ಪಂದ್ಯ ಶುರುವಾಗುವ ಹೊತ್ತು ಸರಿಯಾಗಿ ನೋಡಿಕೊಂಡು, ರೇಡಿಯೋ ಬಂದ್ ಮಾಡಿ, ನೆಟ್ಟಗೆ ಕೂತ.

“ಈಗ ಬ್ಯಾಂಡ್ ಬಾರಿಸ್ತಾರೆ. ಅಗ್ನಿಶಾಮಕದವರ ಬ್ಯಾಂಡು, ಅವರಿಗೆ ಎರಡೇ ಹಾಡು ಬರೋದು,” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಈಗ ಹುಡುಗರು ಹೊರಗೆ ಬಂದರು. ಬಿಳಿ.” ಗಡಿಯಾರ ನೋಡಿಕೊಂಡ. “ಅಪ್ಪ ಈಗ ಬಾಗಿಲ ಹತ್ತಿರ ಇರಬಹುದು. ಯಾರಾದರೂ ಕರಕೊಂಡು ಹೋಗಿರಬಹುದು, ಅಲ್ವಾ ಭಾಯಿ? ನಾನಿಲ್ಲ ಅಂತ ಹಟ ಮಾಡಿರಲ್ಲ, ಅಲ್ವಾ?”

“ಹೋಗಿರ್ತಾರೆ,” ಎಂದೆ.

ಹೆಂಡತಿ ಚಹಾ ತಂದಿಟ್ಟಳು. ಆತ ಮುಟ್ಟಲಿಲ್ಲ. ಮಗಳು ಪಕ್ಕದಲ್ಲಿ ಬಂದು ಕೂತು ಯಾರು ಗೆಲ್ಲುತ್ತಾರೆಂದು ಇಂಗ್ಲಿಷಿನಲ್ಲಿ ಕೇಳಿದಳು. ಗೊತ್ತಿಲ್ಲ ಎಂದು ಭುಜ ಕುಣಿಸಿದ. ಒಂದು ಆಟ ಮುಗಿಯುವಷ್ಟು ಹೊತ್ತು ಆ ಮನುಷ್ಯ ನಮ್ಮ ಹಾಲಿನಲ್ಲಿ ಹಾಗೆಯೇ ಕೂತಿದ್ದು, ಆಮೇಲೆ ಎದ್ದು ಬಿಳಿ ಕೋಟು ತೊಟ್ಟು ಹೊರಟುಹೋದ.

ಸೆಪ್ಟೆಂಬರಿನಲ್ಲಿ ನಾವು ಬಸ್ಸು ಹಿಡಿದೆವು. ಬಾಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನಿನ ಗಡಿ. ಆತನ ದೇಶದವರಿಗೆ, ಅದರಲ್ಲೂ ಆಸ್ಪತ್ರೆಯವರಿಗೆ, ಹೊರಡಲು ಇನ್ನೂ ಅನುಮತಿ ಸಿಕ್ಕಿರಲಿಲ್ಲ. ಬಸ್ಸು ನಿಂತಿದ್ದ ಜಾಗಕ್ಕೆ ಬಂದು ನನ್ನ ಮಂಡಿಗೆ ತಾನೇ ಪಟ್ಟಿ ಸುತ್ತಿಕೊಟ್ಟ. ನನ್ನ ಕಾಲಿಗಾಗಿ ನಿಂತೆಯಲ್ಲ, ನಿಲ್ಲಬಾರದಿತ್ತು, ಎನ್ನಬೇಕಿತ್ತು. “ಶುಕ್ರನ್” ಎಂದೆ. ಅಂಗಡಿಯಲ್ಲಿ ಚಿಲ್ಲರೆ ಕೊಟ್ಟವನಿಗೂ ಹೇಳುವ ಅದೇ ಮಾತು.

ಗಡಿಯಲ್ಲಿ ಡೇರೆಗಳ ನಡುವೆ ನೀರಿಗೆ, ಬ್ರೆಡ್ಡಿಗೆ ಬಹಳ ನಡೆಯಬೇಕಿತ್ತು. ನಡೆದೆ. ನಡೆಯುವಾಗಲೆಲ್ಲ ಮಂಡಿ ಆತನನ್ನು ನೆನಪಿಸುತ್ತಿತ್ತು. ಅಮ್ಮಾನಿನಿಂದ ವಿಮಾನ ಹತ್ತಿಸಿ ಬೊಂಬಾಯಿಗೆ ತಂದು ಬಿಟ್ಟರು. ಹುಬ್ಬಳ್ಳಿಯ ಮಾವನ ಮನೆಯಲ್ಲಿ ಆ ಚಳಿಗಾಲ ಕಳೆದೆವು. ಯುದ್ಧವನ್ನು ಪಕ್ಕದ ಮನೆಯ ಟಿ.ವಿ.ಯಲ್ಲಿ ನೋಡಿದೆವು.

ತೊಂಬತ್ತೊಂದರ ಬೇಸಿಗೆಯಲ್ಲಿ ಕಂಪನಿ ನನ್ನನ್ನು ಮತ್ತೆ ಕರೆಸಿಕೊಂಡಿತು. ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಮಧ್ಯಾಹ್ನಕ್ಕೂ ಕಾರುಗಳು ದೀಪ ಹಚ್ಚಿಕೊಂಡು ಓಡಾಡುತ್ತಿದ್ದವು. ಏಣಿ ಹತ್ತಿದೆ. ಮೊದಲ ರಜಾದಿನವೇ ಜಾಬ್ರಿಯಾಕ್ಕೆ ಹೋದೆ. ಫಿಸಿಯೋ ಕೋಣೆಯಲ್ಲಿ ಮಂಚವಿಲ್ಲ, ತೂಕದ ಗುಂಡುಗಳಿಲ್ಲ, ರಾಟೆಯೂ ಇಲ್ಲ, ಇರಾಕಿನವರು ಎಲ್ಲ ಹೊತ್ತುಕೊಂಡು ಹೋಗಿದ್ದರು. ಆತನ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಚಳಿ ಶುರುವಾಗುವ ಹೊತ್ತಿಗೆ ಅವರ ದೇಶದ ಒಬ್ಬ ನರ್ಸ್ ಕೆಲಸಕ್ಕೆ ಮರಳಿದಳು. ಆತ ಹಿಂದಿನ ಚಳಿಗಾಲದಲ್ಲಿ ಕ್ಷೇಮವಾಗಿ ಊರು ಸೇರಿದ ಎಂದು ಹೇಳಿ, ಫೋನ್ ನಂಬರು ಕೊಟ್ಟಳು.

ಡಿಸೆಂಬರಿನಲ್ಲಿ ಹೆಂಡತಿ, ಮಗಳು ಬಂದರು. ಮಗಳು ಶಾಲೆಗೆ ಹೋಗಿದ್ದ ಒಂದು ಬೆಳಗ್ಗೆ ನಾವಿಬ್ಬರೂ ಟೆಲಿಫೋನ್ ಕಚೇರಿಗೆ ಹೋಗಿ ಕರೆ ಹಚ್ಚಿಸಿದೆವು. ತುಂಬ ಹೊತ್ತಿನ ಮೇಲೆ ಆತನ ದನಿ ಬಂತು. ನಾನು ಹೆಸರು ಹೇಳುವ ಮೊದಲೇ ಗುರುತು ಹಿಡಿದ.

“ಅಪ್ಪ ಹೇಗಿದ್ದಾರೆ?” ಎಂದೆ.

“ಫೆಬ್ರವರಿಯಲ್ಲಿ ಖಲಾಸ್, ಭಾಯಿ.”

ಆಮೇಲೆ ಚಿಕ್ಕ ಚಿಕ್ಕ ಮಾತುಗಳಲ್ಲಿ ಹೇಳಿದ. ಪಂದ್ಯದ ದಿನ ಊರಿನವರು ಮುದುಕನನ್ನು ಕರೆಯಲು ಬಂದಿದ್ದರು. ಅಪ್ಪ ಬೆಳಗ್ಗೆಯಿಂದ ಕೋಟು ತೊಟ್ಟು, ಬೂಟಿಗೆ ಪಾಲಿಶ್ ಹಚ್ಚಿ, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದ. ಮಗ ಬರುತ್ತಾನೆ, ಅವನೊಂದಿಗೇ ಬರುತ್ತೇನೆ ಎಂದ. ಕುವೈತಿನಲ್ಲಿ ಏನಾಗಿದೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಬೇರೆ ಯಾರೋ ಚೆಂಡು ಒದ್ದರು. ಕೂಗು ಎದ್ದಾಗ ಅಪ್ಪ ಮಾಳಿಗೆ ಹತ್ತಿ ನಿಂತಿದ್ದನ್ನು ಪಕ್ಕದ ಮನೆಯವರು ನೋಡಿದ್ದರು.

“ನಾನು ಬಂದಾಗ ಹಿಮ. ಲೀಗಿಗೆ ಚಳಿಗಾಲದ ರಜೆ. ಅಪ್ಪನಿಗೆ ಅಷ್ಟರಲ್ಲಿ ಮರೆವು ಬಂದಿತ್ತು. ಆದರೂ ಒಂದು ದಿನ ಕೈ ಹಿಡಿದು ಮೈದಾನಕ್ಕೆ ಕರಕೊಂಡು ಹೋದೆ. ಬಾಗಿಲ ಮೇಲಿನ ಹೆಸರು ತೋರಿಸಿದೆ. ಓದಿದ. ಒಳಗೆ ಹೋದ. ಬರೀ ಬಿಳಿ, ಒಬ್ಬರೂ ಇಲ್ಲ. ಹುಡುಗರೆಲ್ಲಿ ಅಂತ ಕೇಳಿದ. ಆಟ ಮುಗಿದಿದೆ ಅಪ್ಪ, ನಾವೇ ತಡವಾಗಿ ಬಂದ್ವಿ ಅಂದೆ.”

ಕ್ಲಬ್ಬು ಹೇಗಿದೆ ಎಂದು ಕೇಳಬಾರದಿತ್ತು, ಕೇಳಿದೆ. ಕ್ಲಬ್ಬನ್ನು ಸಾಕುತ್ತಿದ್ದ ಕಾರ್ಖಾನೆ ಬೇಸಿಗೆಯಲ್ಲಿ ಮುಚ್ಚಿತಂತೆ. ಈ ವರ್ಷ ಲೀಗಿಗೆ ತಂಡವನ್ನೇ ಕಳಿಸಲಿಲ್ಲ. “ಹೆಸರಿದೆ, ಆಡೋರಿಲ್ಲ,” ಎಂದ.

ಹೆಂಡತಿ ನನ್ನ ಮುಖ ನೋಡುತ್ತಿದ್ದಳು. ನಾನು ಎರಡು ಮಾತಿನಲ್ಲಿ ಹೇಳಿದೆ, ಅಪ್ಪ ಹೋಗಲಿಲ್ಲ, ಈಗ ಇಲ್ಲ, ಎಂದು. ಅವಳು ಕೈಚಾಚಿ ರಿಸೀವರ್ ತೆಗೆದುಕೊಂಡಳು. ಆತನಿಗೆ ತಿಳಿಯದ ಭಾಷೆ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಕನ್ನಡದಲ್ಲೇ ಹೇಳಿದಳು:

“ಅಣ್ಣಾರ, ನಾ ಅವತ್ತು ಅಳಬಾರದಿತ್ರಿ. ನೀವು ಹೋಗಬೇಕಿತ್ತು. ನಮ್ಮಪ್ಪನೂ ಮುದುಕ ಅದಾನ್ರಿ, ನನಗ ತಿಳೀತದ. ಮನಸಿನ್ಯಾಗ ಇಟ್ಕೋಬ್ಯಾಡ್ರಿ.”

ಆ ಕಡೆಯಿಂದ ಆತ ಏನೋ ಹೇಳಿದ. ಇಂಗ್ಲಿಷೂ ಅಲ್ಲ, ಅರಬ್ಬಿಯೂ ಅಲ್ಲ; ತನ್ನದೇ ಭಾಷೆಯಲ್ಲಿ, ನಿಧಾನವಾಗಿ, ತುಂಬ ಹೊತ್ತು. ಅವಳು ಹ್ಞೂಂ, ಹ್ಞೂಂ ಎನ್ನುತ್ತ ಕೇಳಿಸಿಕೊಂಡಳು. ಅಷ್ಟರಲ್ಲಿ ಲೈನು ಕಡಿದುಹೋಯಿತು.

ಹೊರಗೆ ಬಂದ ಮೇಲೆ, “ಏನಂದ್ರು?” ಎಂದು ಕೇಳಿದೆ.

“ನನಗೇನು ಗೊತ್ರಿ,” ಎಂದಳು. ಬಸ್ ನಿಲ್ದಾಣದ ಕಡೆ ನಡೆದಳು.

ಮರುವರ್ಷ ಹೊಸ ವರ್ಷಕ್ಕೆಂದು ಅದೇ ನಂಬರಿಗೆ ಫೋನ್ ಮಾಡಿದಾಗ ಯಾರೋ ಹೆಂಗಸು ಎತ್ತಿ, ನನಗೆ ತಿಳಿಯದ ಏನನ್ನೋ ಹೇಳಿ ಇಟ್ಟುಬಿಟ್ಟಳು. ಆ ನರ್ಸೂ ಅಷ್ಟರಲ್ಲಿ ಜರ್ಮನಿಗೆ ಹೋಗಿದ್ದಳು. ಆ ಊರಿನ ಮೈದಾನದಲ್ಲಿ ಮತ್ತೆ ಯಾರಾದರೂ ಬಿಳಿ ಅಂಗಿ ತೊಟ್ಟು ಆಡಿದರೇ, ನನಗೆ ತಿಳಿಯದು. ಮಗಳು ಈಗ ದೊಡ್ಡವಳು, ಕಂಪ್ಯೂಟರಿನಲ್ಲಿ ಒಂದು ನಿಮಿಷದಲ್ಲಿ ಹುಡುಕಿ ಹೇಳುತ್ತೇನೆ ಎನ್ನುತ್ತಾಳೆ. ನೋಡೋಣ ಎನ್ನುತ್ತೇನೆ. ಅವಳ ತಾಯಿ ಆ ಮಾತು ಬಂದಾಗಲೆಲ್ಲ ಎದ್ದು ಒಳಗೆ ಹೋಗುತ್ತಾಳೆ.